ಕೈ ತಪ್ಪಿದ ಬೋಲ್ಟು

ನಮ್ಮ ಅನಿಮೇಷನ್ ಕಿರುಚಿತ್ರದಲ್ಲಿ ಒಂದು ಬೋಲ್ಟು ಕೈ ತಪ್ಪುವ ಶಾಟ್ ಇದೆ. ಇರುವುದು ನಾಲ್ಕೇ ಸೆಕೆಂಡು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರದ ಲೆಕ್ಕದಲ್ಲಿ 96 ಫ್ರೇಮ್. ಅಷ್ಟಕ್ಕೆ ಮೂರು ವಾರ ಹಿಡಿಯಿತು. ಇಡೀ ಚಿತ್ರ ಆರು ನಿಮಿಷದ್ದು, ಅಂದರೆ 8,640 ಫ್ರೇಮ್. ಅಷ್ಟರಲ್ಲೂ ನನಗೆ ತುಂಬಾ ಹತ್ತಿರವಾದದ್ದು ಈ 96. ಇವತ್ತು ಅದರ ಬಗ್ಗೆಯೇ ಬರೆಯಬೇಕು ಅನಿಸಿದೆ.

ಕಥೆ ಸಣ್ಣದು. ಭೂಮಿಯನ್ನು ಸುತ್ತುತ್ತಿರುವ ಒಂದು ಹಳೇ ಉಪಗ್ರಹ, ಅದನ್ನು ರಿಪೇರಿ ಮಾಡಲು ಹೋದ ಒಂದು ರೋಬೋಟ್. ಅಷ್ಟೇ. ಮನುಷ್ಯರು ಒಬ್ಬರೂ ಇಲ್ಲ, ಮಾತು ಒಂದೂ ಇಲ್ಲ. ನಾನು ಅನಿಮೇಷನ್ ನೋಡಿಕೊಂಡೆ, ಗೆಳೆಯ ಕಥೆ ಮತ್ತು ಸೌಂಡ್. ಇಬ್ಬರಿಗೂ ಹೊಟ್ಟೆಪಾಡಿನ ಕೆಲಸ ಬೇರೆ ಇದೆ. ಹಾಗಾಗಿ ರಾತ್ರಿ ಹೊತ್ತು, ರಜೆಯ ದಿನ ಕೂತು ಮಾಡಿದ್ದು. ಒಂದೂವರೆ ವರ್ಷ ಆಯಿತು.

ಮೊದಲು ನಾವು ಮಾಡಲು ಹೊರಟಿದ್ದ ಚಿತ್ರವೇ ಬೇರೆ. ಆ ರೋಬೋಟಿಗೆ ಎರಡು ದೊಡ್ಡ ದುಂಡು ಕಣ್ಣು ಕೊಟ್ಟಿದ್ದೆ. ತಲೆ ಸ್ವಲ್ಪ ವಾಲಿಸಿದರೆ ಸಾಕು, ನೋಡಿದವರಿಗೆ ಅಯ್ಯೋ ಪಾಪ ಅನಿಸಬೇಕು, ಹಾಗೆ. ಅದು ಉಪಗ್ರಹದ ಅಂಚಿನಲ್ಲಿ ಕೂತು ಭೂಮಿಯನ್ನೇ ನೋಡುತ್ತದೆ, ಕೆಳಗೆ ನಗರಗಳ ದೀಪ, ಹಿಂದೆ ನಿಧಾನಕ್ಕೆ ಪಿಯಾನೊ. ಕಥೆಯನ್ನು ದೃಶ್ಯ ದೃಶ್ಯವಾಗಿ ಬರೆದಿಟ್ಟ ಸ್ಟೋರಿಬೋರ್ಡಿನ ಚಿತ್ರಗಳನ್ನೆಲ್ಲ ಸಮಯಕ್ಕೆ ಸರಿಯಾಗಿ ಜೋಡಿಸಿ ಅನಿಮ್ಯಾಟಿಕ್ ಮಾಡಿದೆವು. ನೋಡಿ ನಮಗೇ ಗಂಟಲು ಕಟ್ಟಿತು. ಚೆನ್ನಾಗಿದೆ ಅಂದುಕೊಂಡೆವು.

ಅದನ್ನು ಅಕ್ಕನ ಮಗಳಿಗೆ ತೋರಿಸಿದೆ. ಅವಳಿಗೆ ಎಂಟು ವರ್ಷ. ಪೂರ್ತಿ ನೋಡಿದಳು. ಆಮೇಲೆ ಕೇಳಿದಳು.

"ಚಿಕ್ಕಿ, ಇದು ಏನ್ ಕೆಲಸ ಮಾಡುತ್ತೆ?"

"ಉಪಗ್ರಹ ರಿಪೇರಿ ಮಾಡುತ್ತೆ ಪುಟ್ಟಾ."

"ಎಲ್ಲಿ ಮಾಡ್ತು? ಸುಮ್ನೆ ಕೂತಿತ್ತು ಅಲ್ವಾ?"

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅವಳು ಹೇಳಿದ್ದು ಸರಿ. ಕೆಲಸಕ್ಕೆ ಅಂತ ಅಷ್ಟು ದೂರ ಹೋದ ರೋಬೋಟಿನ ಕೈಗೆ ನಾವು ಕೆಲಸವನ್ನೇ ಕೊಟ್ಟಿರಲಿಲ್ಲ. ಬರೀ ನಮ್ಮ ಬೇಜಾರನ್ನು ತೆಗೆದುಕೊಂಡು ಹೋಗಿ ಅದರ ಮುಖಕ್ಕೆ ಅಂಟಿಸಿದ್ದೆವು.

ಅಲ್ಲಿಂದ ನಾನು ನಿಜವಾದ ರೋಬೋಟ್‌ಗಳು ಮೇಲೆ ಏನು ಮಾಡುತ್ತವೆ ಅಂತ ಓದಲು ಕೂತೆ. ಓದ್ತಾ ಓದ್ತಾ ನಮ್ಮ ಕಥೆಗಿಂತ ಅವುಗಳ ದಿನಚರಿಯೇ ಚೆಂದ ಅನಿಸತೊಡಗಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೆನಡಾದವರು ಮಾಡಿದ ಒಂದು ದೊಡ್ಡ ಕೈ ಇದೆ, ಕೆನಡಾರ್ಮ್-2. 2001ರಲ್ಲಿ ಮೇಲೆ ಹೋಯಿತು. ಉದ್ದ 17 ಮೀಟರಿಗೂ ಜಾಸ್ತಿ, ಕೀಲು ಏಳು. ಅದರ ಎರಡೂ ತುದಿಯಲ್ಲಿ ಹಿಡಿತ ಇದೆ. ಒಂದು ತುದಿಯಲ್ಲಿ ಹಿಡಿದುಕೊಂಡು ಇನ್ನೊಂದನ್ನು ಮುಂದಿಟ್ಟು, ಎಲೆಯ ಮೇಲೆ ಹುಳು ಬೆನ್ನು ಬಗ್ಗಿಸಿ ಹೋಗುತ್ತದಲ್ಲ, ಹಾಗೆ ನಿಲ್ದಾಣದ ಮೈಮೇಲೆ ನಡೆಯುತ್ತದೆ. 2021ರಲ್ಲಿ ಬಾಹ್ಯಾಕಾಶದ ಕಸದ ಚೂರೊಂದು ಬಡಿದು ಅದರಲ್ಲಿ ಸುಮಾರು ಐದು ಮಿಲಿಮೀಟರಿನ ತೂತಾಯಿತು. ಅದಾದ ಮೇಲೂ ಕೆಲಸ ಮಾಡುತ್ತಲೇ ಹೋಯಿತು.

ಆ ದೊಡ್ಡ ಕೈಯ ತುದಿಗೆ ಕೂರುವ ಇನ್ನೊಂದು ರೋಬೋಟ್ ಇದೆ, ಡೆಕ್ಸ್‌ಟ್ರ್. 2008ರಲ್ಲಿ ಹೋದದ್ದು. ಅದಕ್ಕೆ ಎರಡು ಕೈ. ತಲೆ ಇಲ್ಲ, ಮುಖ ಇಲ್ಲ. ಅದನ್ನು ನಡೆಸುವವರು ಹೆಚ್ಚಾಗಿ ಭೂಮಿಯ ಮೇಲೆ ಕೂತಿರುತ್ತಾರೆ. ಎಷ್ಟೋ ಸಲ ನಿಲ್ದಾಣದ ಒಳಗಿರುವವರು ಮಲಗಿರುವಾಗ ಹೊರಗೆ ಇದರ ಕೆಲಸ ನಡೆದಿರುತ್ತದೆ. ಇಂಧನ ಖಾಲಿಯಾದ ಉಪಗ್ರಹಕ್ಕೆ ಮತ್ತೆ ತುಂಬಿಸಬಹುದಾ ಅಂತ ನೋಡಲು ಒಂದು ಪ್ರಯೋಗ ಮಾಡಿದ್ದರು. ಅದರಲ್ಲಿ ಡೆಕ್ಸ್‌ಟ್ರ್ ತೆಳ್ಳನೆಯ ತಂತಿಗಳನ್ನು ಕತ್ತರಿಸಿ, ಮುಚ್ಚಳ ಬಿಚ್ಚಿ, 2013ರಲ್ಲಿ ಇಂಧನದ ಬದಲಿಗೆ ಎಥನಾಲ್ ತುಂಬಿಸಿ ತೋರಿಸಿತು. ಕೆಲಸ ಮಾಡುವಾಗ ಅದು ಒಂದು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಇನ್ನೊಂದರಲ್ಲಿ ಬಿಚ್ಚುತ್ತದೆ. ಈ ಒಂದು ವಿಷಯ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಯಾಕೆ ಅಂದರೆ ನನ್ನ ರೋಬೋಟ್ ಏನನ್ನೂ ಹಿಡಿದುಕೊಳ್ಳದೆ ತೇಲುತ್ತಾ ಬೋಲ್ಟು ತಿರುಗಿಸುತ್ತಿತ್ತು. ನಿಜಕ್ಕೂ ಹಾಗೆ ಮಾಡಿದರೆ ಬೋಲ್ಟು ಒಂದು ಕಡೆ ತಿರುಗುತ್ತದೆ, ರೋಬೋಟ್ ಇನ್ನೊಂದು ಕಡೆ ತಿರುಗುತ್ತದೆ. ಕಾಲೂರಲು ನೆಲ ಇಲ್ಲದ ಕಡೆ ಮೊದಲ ಕೆಲಸವೇ ಹಿಡಿದುಕೊಳ್ಳುವುದು.

ಹಿಡಿದುಕೊಳ್ಳುವುದು. ಚಿತ್ರಕ್ಕೆ ಬೇಕಾಗಿದ್ದದ್ದು ಅದೇ. ಎಡಗೈ ಕಂಬಿ ಹುಡುಕುತ್ತದೆ, ಹಿಡಿಯುತ್ತದೆ, ಒಂದು ಸಲ ಎಳೆದು ನೋಡುತ್ತದೆ. ಆಮೇಲೆ ಬಲಗೈ ಕೆಲಸಕ್ಕೆ ಇಳಿಯುತ್ತದೆ. ಈ ಎಳೆದು ನೋಡುವ ಚಲನೆ ಮೂರ್ನಾಲ್ಕು ಫ್ರೇಮಿನದು. ಅದನ್ನು ಸೇರಿಸಿದ ಕೂಡಲೇ ರೋಬೋಟಿಗೆ ಜೀವ ಬಂತು. ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದ ಹಾಗೆ ಕಾಣತೊಡಗಿತು.

ಆಗಲೇ ನಾನು ಕಣ್ಣು ತೆಗೆದುಬಿಡೋಣ ಅಂದದ್ದು. ಗೆಳೆಯ ಒಪ್ಪಲಿಲ್ಲ.

"ಕಣ್ಣು ತೆಗೆದ್ರೆ ಅದು ಸತ್ತ ಹಾಗೆ ಕಾಣುತ್ತೆ ಕಣೇ. ಜನ ಯಾವುದನ್ನ ನೋಡ್ಬೇಕು?"

"ಕೈ ನೋಡ್ಲಿ ಕಣೋ."

ಎರಡು ವಾರ ಇದೇ ಜಗಳ. ಕೊನೆಗೆ ನಾನು ಅವನಿಗೆ 1944ರ ಒಂದು ಪ್ರಯೋಗದ ಚಿತ್ರ ತೋರಿಸಿದೆ. ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಮಾಡಿದ್ದು. ಅದೂ ಒಂದು ಅನಿಮೇಷನ್ ಕಿರುಚಿತ್ರವೇ. ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ಚಿಕ್ಕ ವೃತ್ತ, ಬಾಗಿಲಿರುವ ಒಂದು ಆಯತ. ಅವು ಆಚೀಚೆ ಓಡಾಡುತ್ತವೆ. ಏನು ನೋಡಿದಿರಿ ಅಂತ 34 ಜನರನ್ನು ಕೇಳಿದಾಗ ಒಬ್ಬರು ಮಾತ್ರ ತ್ರಿಕೋನ, ವೃತ್ತ ಅಂತ ಆಕಾರದ ಲೆಕ್ಕದಲ್ಲಿ ವಿವರಿಸಿದರಂತೆ. ಉಳಿದವರೆಲ್ಲ ಜಗಳ, ಹೆದರಿಕೆ, ತಪ್ಪಿಸಿಕೊಳ್ಳುವುದು ಅಂತ ಕಥೆ ಹೇಳಿದರು. ಗೆಳೆಯ ನೋಡ್ತಾ ನೋಡ್ತಾ ದೊಡ್ಡ ತ್ರಿಕೋನಕ್ಕೆ ಬೈದ. ಬೈದು ಸುಮ್ಮನಾದ. ಮಾರನೆಯ ದಿನ "ಸರಿ, ತೆಗೆದುಬಿಡು" ಅಂತ ಮೆಸೇಜ್ ಬಂತು.

ನಾವು ಚಲನೆಯಲ್ಲೇ ಮನಸ್ಸನ್ನು ಕಾಣುವವರು. ಅದಕ್ಕೆ ಕಣ್ಣು ಹುಬ್ಬು ಬೇಕಾಗಿಲ್ಲ. ಸ್ಪಿರಿಟ್ ಅನ್ನುವ ಮಂಗಳದ ರೋವರ್ ನೆನಪಿದೆಯಾ? 2006ರಲ್ಲಿ ಅದರ ಮುಂದಿನ ಬಲ ಚಕ್ರ ಕೆಟ್ಟು ನಿಂತಿತು. ಆಮೇಲೆ ಅದನ್ನು ಹಿಮ್ಮುಖವಾಗಿ ಓಡಿಸಿದರು, ಕೆಟ್ಟ ಚಕ್ರವನ್ನು ಎಳೆದುಕೊಂಡೇ. ಎಳೆದ ಕಡೆಯೆಲ್ಲ ಮಣ್ಣಿನಲ್ಲಿ ಒಂದು ಗೀರು ಬೀಳುತ್ತಿತ್ತು. 2007ರಲ್ಲಿ ಹಾಗೆ ಗೀರಿದ ಒಂದು ಜಾಗದಲ್ಲಿ ಬೆಳ್ಳನೆಯ ಮಣ್ಣು ಕಂಡಿತು. ಪರೀಕ್ಷೆ ಮಾಡಿದರೆ ಬಹುಪಾಲು ಸಿಲಿಕಾ. ಒಂದು ಕಾಲದಲ್ಲಿ ಅಲ್ಲಿ ಬಿಸಿನೀರೋ ಹಬೆಯೋ ಇದ್ದಿರಬೇಕು ಅನ್ನುವುದಕ್ಕೆ ಅದು ದೊಡ್ಡ ಸುಳಿವು. ಚಕ್ರ ಸರಿಯಾಗಿ ಉರುಳುತ್ತಿದ್ದರೆ ಆ ಮಣ್ಣು ಕೆಳಗೇ ಉಳಿಯುತ್ತಿತ್ತು. ಇದನ್ನು ಓದುವಾಗ ನನಗೆ ಕಂಡದ್ದು ಆ ಎಳೆತ. ಕಾಲು ಎಳೆದುಕೊಂಡು ಹೋಗುವ ಆ ಗತಿ.

ಅದರ ಜೊತೆಯದು, ಆಪರ್ಚುನಿಟಿ, 90 ದಿನಕ್ಕೆ ಅಂತ ಹೋದದ್ದು. ಮಂಗಳದ ದಿನದ ಲೆಕ್ಕ ಅದು. 2004ರಲ್ಲಿ ಇಳಿದು 2018ರ ಧೂಳಿನ ಬಿರುಗಾಳಿಯವರೆಗೆ ಕೆಲಸ ಮಾಡಿತು, 45 ಕಿಲೋಮೀಟರ್ ನಡೆಯಿತು. "ಬ್ಯಾಟರಿ ಕಡಿಮೆಯಾಗಿದೆ, ಕತ್ತಲಾಗುತ್ತಿದೆ" ಅನ್ನುವುದು ಅದರ ಕೊನೆಯ ಮಾತು ಅಂತ ಲೋಕವೆಲ್ಲ ಹಂಚಿಕೊಂಡಿತು. ನಾನೂ ಹಂಚಿಕೊಂಡಿದ್ದೆ. ನಿಜವಾಗಿ ಬಂದದ್ದು ಅಂಕಿಗಳು ಮಾತ್ರ. ಎಷ್ಟು ವಿದ್ಯುತ್ ಉಳಿದಿದೆ, ಆಕಾಶ ಎಷ್ಟು ಮಬ್ಬಾಗಿದೆ ಅನ್ನುವ ಅಂಕಿಗಳು. ಅದನ್ನು ಮಾತಿನ ರೂಪಕ್ಕೆ ತಿರುಗಿಸಿದ್ದು ಒಬ್ಬ ಪತ್ರಕರ್ತರು. ಈಗ ನನಗೆ ಆ ಅಂಕಿಗಳೇ ಜಾಸ್ತಿ ಮುಟ್ಟುತ್ತವೆ. ಕೊನೆಯ ದಿನವೂ ಅದು ಅಳತೆ ತೆಗೆದು ಕಳಿಸಿತು, ಅದರ ಕೆಲಸ ಅದೇ ಆಗಿತ್ತಲ್ಲ.

ಒಂಟಿತನದ ವಿಷಯವೂ ಹೀಗೆಯೇ. ಬಾಹ್ಯಾಕಾಶದ ರೋಬೋಟ್ ಅಂದ ಕೂಡಲೇ ನಮಗೆ ಒಂಟಿ ಜೀವ ನೆನಪಾಗುತ್ತದೆ. 1970ರಲ್ಲಿ ಚಂದ್ರನ ಮೇಲೆ ಓಡಾಡಿದ ಸೋವಿಯತ್ ಒಕ್ಕೂಟದ ಲೂನೋಖೋದ್-1 ಬಗ್ಗೆ ಓದಿ. ಅದನ್ನು ಓಡಿಸುತ್ತಿದ್ದದ್ದು ಕ್ರೈಮಿಯಾದಲ್ಲಿ ಕೂತ ಐದು ಜನರ ತಂಡ. ಅವರ ಪರದೆಗೆ ಕೆಲವು ಸೆಕೆಂಡಿಗೆ ಒಂದು ಚಿತ್ರ ಮಾತ್ರ ಬರುತ್ತಿತ್ತು. ಸೆಕೆಂಡಿಗೆ 24 ಚಿತ್ರ ಇಟ್ಟುಕೊಂಡು ಒದ್ದಾಡುವ ನನಗೆ ಇದು ನಂಬಲಿಕ್ಕೇ ಆಗಲಿಲ್ಲ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಗಾಡಿ ಎಲ್ಲಿರಬಹುದು ಅಂತ ಅವರು ಮನಸ್ಸಿನಲ್ಲೇ ಓಡಿಸಬೇಕಿತ್ತು. ಚಂದ್ರನ ರಾತ್ರಿ ಎರಡು ವಾರದ್ದು. ರಾತ್ರಿ ಬಂದಾಗ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದ ಹಾಗೆ ಅದರ ಮುಚ್ಚಳ ಮುಚ್ಚಿ ಮಲಗಿಸುತ್ತಿದ್ದರು, ಬೆಳಗಾದಾಗ ತೆರೆಯುತ್ತಿದ್ದರು. ಹೀಗೆ ಹತ್ತು ತಿಂಗಳು. ಅದರ ಮೇಲಿದ್ದ ಪ್ರತಿಫಲಕಕ್ಕೆ 2010ರಲ್ಲಿ ಭೂಮಿಯಿಂದ ಲೇಸರ್ ಬಿಟ್ಟರೆ ಬೆಳಕು ವಾಪಸ್ ಬಂತು, ಅಂದುಕೊಂಡದ್ದಕ್ಕಿಂತ ಜೋರಾಗಿ. ಇದರಲ್ಲಿ ಒಂಟಿ ಯಾರು?

ಹಾಗಾಗಿ ನಮ್ಮ ರೋಬೋಟ್ ಭೂಮಿಯನ್ನು ನೋಡುತ್ತಾ ಕೂರುವುದನ್ನು ಬಿಟ್ಟಿತು. ಭೂಮಿ ಬೆಳಕಾಗಿ ಮಾತ್ರ ಉಳಿಯಿತು. ಅಲ್ಲಿ ಗಾಳಿ ಇಲ್ಲ, ಹಾಗಾಗಿ ಬೆಳಕು ಚದುರುವುದಿಲ್ಲ. ಬಿಸಿಲಿಗೆ ಬಿದ್ದ ಕಡೆ ಕಣ್ಣು ಕುಕ್ಕುತ್ತದೆ, ನೆರಳಾದ ಕಡೆ ಕಪ್ಪು. ಆ ಕಪ್ಪಿಗೆ ಕೆಳಗಿನಿಂದ ಭೂಮಿಯ ತಿಳಿನೀಲಿ ಬೆಳಕು ಸ್ವಲ್ಪವೇ ಸೋಕುತ್ತದೆ. ಅಷ್ಟು ಬಿಸಿಲಿಗೆ ಹೊಂದಿಸಿದ ಕ್ಯಾಮೆರಾಕ್ಕೆ ನಕ್ಷತ್ರ ಕಾಣುವುದಿಲ್ಲ. ಹಾಗಾಗಿ ಬಿಸಿಲಿನ ಶಾಟ್‌ಗಳಲ್ಲಿ ನಕ್ಷತ್ರಗಳನ್ನೆಲ್ಲ ತೆಗೆದೆ. ಅಷ್ಟು ಪ್ರೀತಿಯಿಂದ ಹಾಕಿದ್ದವು, ತೆಗೆಯುವಾಗ ಸಂಕಟ ಆಯಿತು. ತೆಗೆದ ಮೇಲೆ ಕತ್ತಲು ಆಳವಾಯಿತು.

ಸೌಂಡ್ ಗೆಳೆಯನ ಪಾಲು. ನಿರ್ವಾತದಲ್ಲಿ ಸದ್ದು ಹರಿಯುವುದಿಲ್ಲ. ಆದರೆ ಲೋಹದ ಮೂಲಕ ಹರಿಯುತ್ತದೆ. ರೋಬೋಟಿನ ಮೈಗೆ ಕಿವಿ ಇಟ್ಟರೆ ಏನು ಕೇಳಬಹುದೋ ಅಷ್ಟು ಮಾತ್ರ ಕೇಳಿಸೋಣ ಅಂದ. ತಾಗಿದ ವಸ್ತುವಿನ ಕಂಪನವನ್ನೇ ಹಿಡಿಯುವ ಕಾಂಟ್ಯಾಕ್ಟ್ ಮೈಕನ್ನು ಹಳೇ ಸೈಕಲ್ಲಿನ ಫ್ರೇಮಿಗೆ ಅಂಟಿಸಿ, ಪೆಡಲ್ಲಿನ ಬೋಲ್ಟನ್ನು ಸ್ಪ್ಯಾನರಿನಿಂದ ನಿಧಾನವಾಗಿ ಬಿಚ್ಚಿದ. ಮೊದಲು ಕಟ್ ಅಂತ ಒಂದು ಪೆಟ್ಟು, ಆಮೇಲೆ ಕೊರಗುವ ಹಾಗೆ ಒಂದು ಸಣ್ಣ ನರಳಾಟ, ಬೋಲ್ಟು ಸಡಿಲವಾದಾಗ ಇದ್ದಕ್ಕಿದ್ದ ಹಾಗೆ ಮೌನ. ಹೆಡ್‌ಫೋನ್ ಹಾಕಿ ಕೇಳಿದಾಗ ಮೈ ಜುಮ್ಮೆಂದಿತು. ಅದನ್ನೇ ಚಿತ್ರದಲ್ಲಿ ಬಳಸಿದೆವು. ಪಿಯಾನೊ ಹೋಯಿತು.

ಇನ್ನು ಆ ಬೋಲ್ಟು.

ಇದರ ಬೀಜ ಸಿಕ್ಕಿದ್ದು ಮನುಷ್ಯರ ಕಥೆಯಲ್ಲಿ. 2008ರ ನವೆಂಬರಿನಲ್ಲಿ ಹೈಡಮೇರಿ ಸ್ಟೆಫನಿಶಿನ್-ಪೈಪರ್ ಅನ್ನುವ ಗಗನಯಾತ್ರಿ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದರು. ಉಪಕರಣಗಳ ಚೀಲದೊಳಗೆ ಗ್ರೀಸ್ ಗನ್ ಸೋರಿ ಎಲ್ಲ ಕಡೆ ಮೆತ್ತಿಕೊಂಡಿತ್ತು. ಅದನ್ನು ಒರೆಸುತ್ತಿರುವಾಗ ಚೀಲವೇ ಕೈ ತಪ್ಪಿ ತೇಲಿಹೋಯಿತು. ಅವರ ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿ ಅದು ದಾಖಲಾಗಿದೆ. ನೆಗೆದು ಹಿಡಿದುಬಿಡಲಾ ಅಂತ ಅವರಿಗೆ ಒಂದು ಕ್ಷಣ ಅನಿಸಿತ್ತಂತೆ. ನೆಗೆಯಲಿಲ್ಲ. ಜೊತೆಗಾರರ ಉಪಕರಣಗಳನ್ನೇ ಹಂಚಿಕೊಂಡು ಆ ದಿನದ ಕೆಲಸ ಮುಗಿಸಿದರು. ಚೀಲ ಸುತ್ತುತ್ತಲೇ ಇತ್ತು, ಕೆಳಗಿನಿಂದ ದೂರದರ್ಶಕದಲ್ಲಿ ಅದನ್ನು ನೋಡಿದವರೂ ಇದ್ದಾರೆ. 2009ರ ಆಗಸ್ಟಿನಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು.

ಒಂದು ಸ್ಕ್ರೂ ಕೈ ತಪ್ಪಬಾರದು ಅಂತ ಎಷ್ಟು ಜಾಗ್ರತೆ ಇರುತ್ತದೆ ಅಂದರೆ, 2009ರಲ್ಲಿ ಹಬಲ್ ದೂರದರ್ಶಕದ ಒಂದು ಉಪಕರಣವನ್ನು ರಿಪೇರಿ ಮಾಡುವಾಗ 111 ಸ್ಕ್ರೂ ಬಿಚ್ಚಬೇಕಿತ್ತು. ಅದಕ್ಕೆ ಅಂತಲೇ ಒಂದು ಫಲಕ ಮಾಡಿಕೊಂಡು ಹೋಗಿದ್ದರು. ಫಲಕವನ್ನು ಮೇಲೆ ಕೂರಿಸಿ ಅದರ ತೂತುಗಳ ಮೂಲಕ ಬಿಚ್ಚುವುದು. ಬಿಚ್ಚಿದ ಸ್ಕ್ರೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ನಮ್ಮ ರೋಬೋಟಿನ ಕೈಯಲ್ಲಿ ಅಂಥ ಫಲಕ ಇಲ್ಲ. ಕೊನೆಯ ಬೋಲ್ಟು ಜಾರುತ್ತದೆ.

ಅನಿಮೇಷನ್ ಕಲಿಯುವವರು ಮೊದಲು ಮಾಡುವುದು ಚೆಂಡು ಪುಟಿಸುವುದನ್ನು. ಮೇಲೆ ಹೋಗುವಾಗ ನಿಧಾನ ಆಗಬೇಕು, ತುದಿಯಲ್ಲಿ ಒಂದಿಷ್ಟು ನಿಲ್ಲಬೇಕು, ಇಳಿಯುವಾಗ ವೇಗ ಹೆಚ್ಚಬೇಕು. ಅದರಿಂದಲೇ ಭಾರ ಕಾಣುವುದು. ಶುರುವಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಹೋಗುವ ಚಲನೆಯನ್ನು ನೋಡಿದರೆ ಇದು ಸತ್ತ ಚಲನೆ, ತಿದ್ದು ಅನ್ನುತ್ತಾರೆ. ಹತ್ತಾರು ವರ್ಷದಿಂದ ನನ್ನ ಕೈಗೆ ಹತ್ತಿದ ಅಭ್ಯಾಸ ಅದು. ಬೋಲ್ಟನ್ನೂ ಹಾಗೇ ಮಾಡಿದ್ದೆ. ಕೈಯಿಂದ ಜಾರಿ, ಮೆಲ್ಲಗೆ ನಿಧಾನವಾಗಿ, ಇನ್ನೇನು ನಿಂತೇಬಿಡುತ್ತದೆ ಅನ್ನುವ ಹಾಗೆ. ನೋಡಲು ಚೆಂದ ಇತ್ತು. ಆದರೆ ಸುಳ್ಳು. ಅಲ್ಲಿ ಅದನ್ನು ತಡೆಯುವವರು ಯಾರು? ಕೈ ಬಿಟ್ಟ ವೇಗದಲ್ಲೇ, ಅದೇ ದಿಕ್ಕಿಗೆ, ತನ್ನ ಪಾಡಿಗೆ ತಿರುಗುತ್ತಾ ಹೋಗುತ್ತಿರುತ್ತದೆ.

ಹನ್ನೊಂದನೆಯ ಸಲ ವೇಗ ಏರಿಳಿಸುವ ಆ ಕರ್ವುಗಳನ್ನೆಲ್ಲ, ಅಂದರೆ ಕಂಪ್ಯೂಟರಿನಲ್ಲಿ ಚಲನೆ ತೋರಿಸುವ ಬಾಗು ಗೆರೆಗಳನ್ನೆಲ್ಲ, ಅಳಿಸಿ ನೇರ ಗೆರೆ ಎಳೆದೆ. ಪ್ಲೇ ಮಾಡಿದೆ. ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ರೋಬೋಟ್ ಭಾರದ್ದು, ಅದರ ಕೈ ನಿಧಾನಕ್ಕೆ ಹೊರಡುತ್ತದೆ, ನಿಧಾನಕ್ಕೆ ನಿಲ್ಲುತ್ತದೆ. ಅದರ ಪಕ್ಕದಲ್ಲಿ ಬೋಲ್ಟು ಒಂದೇ ಸಮ ಹೋಗುತ್ತದೆ. ಅವಸರ ಇಲ್ಲ, ಆದರೆ ನಿಲ್ಲುವುದೂ ಇಲ್ಲ. ನಾನು ಯಾವತ್ತೂ ತಪ್ಪು ಅಂತ ತಿದ್ದುತ್ತಿದ್ದ ಚಲನೆಯೇ ಇಲ್ಲಿ ಎಲ್ಲವನ್ನೂ ಹೇಳುತ್ತಿತ್ತು. ಹೋದದ್ದು ಹೋಯಿತು, ಅಷ್ಟು ಖಚಿತ.

ಹಳೇ ಸ್ಟೋರಿಬೋರ್ಡಿನಲ್ಲಿ ರೋಬೋಟ್ ಅದರ ಹಿಂದೆ ಹಾರಿ ಹಿಡಿಯುತ್ತಿತ್ತು. ಅದನ್ನು ಕೈಬಿಟ್ಟೆವು. ಈಗ ಅದರ ಬಲಗೈ ಚಾಚುತ್ತದೆ. ಎಡಗೈ ಕಂಬಿಯ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ನಿಲ್ಲುತ್ತದೆ. ಮತ್ತೆ ಬಿಗಿಯಾಗುತ್ತದೆ. ಆಮೇಲೆ ಬಲಗೈ ತಿರುಗಿ ಪೆಟ್ಟಿಗೆಯಿಂದ ಇನ್ನೊಂದು ಬೋಲ್ಟು ತೆಗೆಯುತ್ತದೆ.

ಆ ನಿಲ್ಲುವುದು ಎಷ್ಟು ಹೊತ್ತು ಅನ್ನುವುದಕ್ಕೇ ಮತ್ತೊಂದು ವಾರ. 12 ಫ್ರೇಮ್ ಇಟ್ಟರೆ ಯಂತ್ರ ಲೆಕ್ಕ ಹಾಕಿದ ಹಾಗೆ ಕಾಣುತ್ತಿತ್ತು. 36 ಇಟ್ಟರೆ ಅಳು ಬರಿಸಲು ನಾವು ಹಟ ಹಿಡಿದ ಹಾಗೆ. ಒಂದು ರಾತ್ರಿ ಇಬ್ಬರೂ ಕೂತು ಒಂದೊಂದೇ ಫ್ರೇಮ್ ಕಡಿಮೆ ಮಾಡ್ತಾ ಬಂದೆವು. 20ಕ್ಕೆ ಬಂದಾಗ ಇಬ್ಬರೂ ಮಾತಾಡಲಿಲ್ಲ. ಹಾಗೇ ಸೇವ್ ಮಾಡಿದೆ. ಒಂದು ಸೆಕೆಂಡೂ ಇಲ್ಲ ಅದು.

ಚಿತ್ರ ಮುಗಿದ ಮೇಲೆ ಮೊದಲು ತೋರಿಸಿದ್ದು ಅಕ್ಕನ ಮಗಳಿಗೇ. ಈಗ ಅವಳಿಗೆ ಹತ್ತು ತುಂಬಲು ಬಂತು. ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಬೋಲ್ಟು ಜಾರಿದಾಗ ಅವಳ ಎಡಗೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ನಾನು ಪರದೆ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದೆ.

"ಚಿಕ್ಕಿ, ಆ ಬೋಲ್ಟು ಈಗ ಎಲ್ಲಿದೆ?"

"ಭೂಮಿ ಸುತ್ತುತ್ತಾ ಇರುತ್ತೆ. ಒಂದು ಸುತ್ತಿಗೆ ಸುಮಾರು ತೊಂಬತ್ತು ನಿಮಿಷ."

"ಎಷ್ಟು ದಿನ?"

"ಕೆಲವು ತಿಂಗಳು ಇರಬಹುದು. ಆಮೇಲೆ ನಿಧಾನಕ್ಕೆ ಕೆಳಗೆ ಬಂದು ಉರಿದುಹೋಗುತ್ತೆ."

ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. "ಹಾಗಾದ್ರೆ ಇದನ್ನ ಹದಿನೈದು ಸಲ ನೋಡಿದ್ರೆ ಅದು ಒಂದು ಸುತ್ತು ಮುಗಿಸಿರುತ್ತೆ, ಅಲ್ವಾ?"

ಹೌದಲ್ಲ, ಆರು ಹದಿನೈದಲೇ ತೊಂಬತ್ತು.

"ಹಾಕು ಮತ್ತೆ" ಅಂದಳು. ಅಕ್ಕ ಬಂದು ಕರೆಯುವ ಹೊತ್ತಿಗೆ ನಾಲ್ಕನೆಯ ಸಲ ನೋಡುತ್ತಿದ್ದೆವು.